ಹಿಂದಿನ ಚಕ್ರದ ಕಾರು, ಮುಂದೆ ಹಿಮದ ದಾರಿ

ನಾವು ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನವರು. ಫ್ರೀಜರ್ ಒಳಗೆ ಕಟ್ಟೋ ಮಂಜು ಬಿಟ್ರೆ ನಾವು ಯಾರೂ ಹಿಮ ನೋಡಿದವರಲ್ಲ. ಹಾಗಿದ್ರೂ ಈ ಸಲದ ಲೇಖನ ಹಿಮದ ಮೇಲೆ ಕಾರು ಓಡಿಸೋದರ ಬಗ್ಗೆ. ಯಾಕೆ ಅಂದ್ರೆ, ಪ್ರತಿ ವರ್ಷ ನಮ್ಮ ಬ್ರಾಂಚಿಂದ ಒಂದಿಬ್ಬರಾದ್ರೂ ಸೀನಿಯರ್ಸ್ ಎಂ.ಎಸ್. ಮಾಡೋಕೆ ಅಮೆರಿಕದ ಮಿಶಿಗನ್ ಕಡೆ ಹೋಗ್ತಾರೆ. ಹೋದ ಎರಡು ತಿಂಗಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೋತಾರೆ. ಆಮೇಲೆ ನವೆಂಬರ್ ಬರುತ್ತೆ, ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ: "ನನ್ನದು ರಿಯರ್ ವೀಲ್ ಡ್ರೈವ್. ಹಿಮದಲ್ಲಿ ಓಡಲ್ಲ ಅಂತಾರೆ. ಮಾರಿಬಿಡ್ಲಾ, ಅಥವಾ ಏನಾದ್ರೂ ಮಾಡಬಹುದಾ?"

ಇದು ದುಡ್ಡಿನ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು. ಮಿಶಿಗನ್‌ನ ಉತ್ತರ ತುದಿಯಲ್ಲಿ ಹೋಟನ್ ಅಂತ ಒಂದು ಊರಿದೆ, ಮಿಶಿಗನ್ ಟೆಕ್ ವಿಶ್ವವಿದ್ಯಾಲಯ ಇರೋ ಊರು. ಪಕ್ಕದಲ್ಲೇ ಲೇಕ್ ಸುಪೀರಿಯರ್. ಆ ಸರೋವರದ ಮೇಲಿಂದ ಬೀಸೋ ತಣ್ಣನೆ ಗಾಳಿ ನೀರಿನ ತೇವವನ್ನು ಹೊತ್ತು ತಂದು ದಡದ ಮೇಲೆ ಹಿಮವಾಗಿ ಸುರಿಸುತ್ತದೆ. ಆ ಭಾಗದಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 200 ಇಂಚಿಗಿಂತ ಹೆಚ್ಚು ಹಿಮ ಬೀಳುತ್ತದೆ, ಅಂದ್ರೆ 5 ಮೀಟರ್! ನಮಗೆ ಆಗುಂಬೆ ಮಳೆ ಹೇಗೋ ಅವರಿಗೆ ಹೋಟನ್ ಹಿಮ ಹಾಗೆ. ಅಲ್ಲಿ ತಿಂಗಳುಗಟ್ಟಲೆ ಕ್ಲಾಸಿಗೂ ಹೋಗಬೇಕು, ದಿನಸಿಯನ್ನೂ ತರಬೇಕು.

ಹಾಗಾಗಿ ಈ ಪ್ರಶ್ನೆಗೆ ನಾವು ಪೆನ್ನು ಪೇಪರ್ ಹಿಡ್ಕೊಂಡು ಉತ್ತರ ಹುಡುಕೋಣ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಗೊತ್ತಿದ್ರೆ ಸಾಕು.

1. ಮೊದಲು ಮ್ಯೂ

ಕಾರು ಓಡೋದು, ನಿಲ್ಲೋದು, ತಿರುಗೋದು ಮೂರೂ ನಡೆಯೋದು ಟೈರ್ ಮತ್ತು ರಸ್ತೆ ಮುಟ್ಟೋ ನಾಲ್ಕು ಅಂಗೈ ಅಗಲದ ಜಾಗಗಳಲ್ಲಿ. ಅಲ್ಲಿ ಸಿಗೋ ಬಲ ಅಂದ್ರೆ ಘರ್ಷಣಾಂಕ, ಅಂದ್ರೆ ಮ್ಯೂ, ಗುಣಿಸು ಆ ಚಕ್ರದ ಮೇಲಿರೋ ಭಾರ. ಒಣ ಡಾಂಬರ್ ಮೇಲೆ ಮ್ಯೂ ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಮಂಜುಗಡ್ಡೆ ಮೇಲೆ 0.1 ಅಥವಾ ಇನ್ನೂ ಕಡಿಮೆ.

ಈಗ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ್ರೆ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತೆ? ವೇಗದ ವರ್ಗವನ್ನು, ಮ್ಯೂ ಮತ್ತು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ. ಡಾಂಬರ್ ಮೇಲೆ 12 ಮೀಟರ್. ಮ್ಯೂ 0.25 ಇರೋ ಹಿಮದ ಮೇಲೆ 39 ಮೀಟರ್. ಮಂಜುಗಡ್ಡೆ ಮೇಲೆ 98 ಮೀಟರ್. ಗಮನಿಸಿ, ಈ ಲೆಕ್ಕದಲ್ಲಿ ಎಲ್ಲೂ ಮುಂದಿನ ಚಕ್ರದ ಡ್ರೈವಾ ಹಿಂದಿನದಾ ಅನ್ನೋ ಪ್ರಶ್ನೆಯೇ ಬರಲಿಲ್ಲ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕೂ ಚಕ್ರಕ್ಕೆ ಇರುತ್ತೆ. "ನನ್ನದು ಫೋರ್ ವೀಲ್ ಡ್ರೈವ್, ನಂಗೇನಾಗಲ್ಲ" ಅನ್ನೋವರು ಹೊರಡುವಾಗ ಗೆಲ್ತಾರೆ, ನಿಲ್ಲಿಸುವಾಗ ಎಲ್ಲರ ಹಾಗೇ ಜಾರ್ತಾರೆ.

2. ಹಾಗಾದ್ರೆ ಹಿಂದಿನ ಚಕ್ರದ ತಪ್ಪೇನು?

ಎರಡು ವಿಷಯ ಇದೆ. ಒಂದು ಹೊರಡೋದು, ಇನ್ನೊಂದು ತಿರುಗೋದು.

ಹೊರಡೋ ವಿಷಯ ನೋಡಿ. ನಮ್ಮ ಮನೆಗಳಲ್ಲಿರೋ ಸ್ವಿಫ್ಟ್, ಐ20 ಥರದ ಕಾರುಗಳಲ್ಲಿ ಎಂಜಿನ್ ಮುಂದೆ, ಡ್ರೈವೂ ಮುಂದೆ. ಒಟ್ಟು ಭಾರದ ಸುಮಾರು ಶೇ. 60 ಡ್ರೈವ್ ಚಕ್ರದ ಮೇಲೇ ಕೂತಿರುತ್ತೆ. ಹಿಂದಿನ ಚಕ್ರದ ಸೆಡಾನ್‌ನಲ್ಲಿ, ಉದಾಹರಣೆಗೆ ಬಿಎಂಡಬ್ಲ್ಯೂ 3 ಸೀರೀಸ್‌ನಲ್ಲಿ, ಹಿಂದೆ ಸುಮಾರು ಶೇ. 50. ಖಾಲಿ ಪಿಕಪ್ ಟ್ರಕ್‌ನಲ್ಲಿ ಅದಕ್ಕಿಂತಲೂ ಕಡಿಮೆ, ಶೇ. 42 ಅಂತ ಇಟ್ಕೊಳ್ಳೋಣ.

ಮ್ಯೂ 0.25 ಇರೋ ಹಿಮದ ದಿಬ್ಬ ಹತ್ತಬೇಕು ಅನ್ಕೊಳ್ಳಿ. ಭಾರದ ಕೇಂದ್ರದ ಎತ್ತರ ವೀಲ್‌ಬೇಸ್‌ನ ಐದನೇ ಒಂದು ಭಾಗ ಅಂತ ಹಿಡಿದು, ದಿಬ್ಬದಲ್ಲಿ ಭಾರ ಹಿಂದಕ್ಕೆ ಸರಿಯೋದನ್ನೂ ಸೇರಿಸಿ ನಾವು ಲೆಕ್ಕ ಹಾಕಿದ್ವಿ. ಮುಂದಿನ ಚಕ್ರದ ಕಾರು ಶೇ. 14.3 ಇಳಿಜಾರಿನ ತನಕ ಹತ್ತುತ್ತೆ. ಹಿಂದಿನ ಚಕ್ರದ ಸೆಡಾನ್ ಶೇ. 13.2. ಖಾಲಿ ಪಿಕಪ್ ಶೇ. 11.1. ನಾಲ್ಕೂ ಚಕ್ರದ ಡ್ರೈವ್ ಇದ್ರೆ ಶೇ. 25.

ಈ ಅಂಕಿಗಳನ್ನು ಇನ್ನೊಂದು ಸಲ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ವ್ಯತ್ಯಾಸ ಬರೀ ಒಂದು ಚಿಲ್ಲರೆ! ಜನ ಹೇಳೋಷ್ಟು ದೊಡ್ಡ ಕಂದಕ ಅಲ್ಲ. ಸ್ವೀಡನ್‌ನಲ್ಲಿ 1974ರಿಂದ 1993ರ ತನಕ ತಯಾರಾದ ವೋಲ್ವೋ 240 ಹಿಂದಿನ ಚಕ್ರದ ಕಾರೇ. ಆ ದೇಶ ಚಳಿಗಾಲದಲ್ಲಿ ಅದನ್ನೇ ಓಡಿಸಿಕೊಂಡು ಬಂತು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ನೇ ಹಿಂದಿನ ಚಕ್ರದ ಮೇಲೆ ಕೂತಿದ್ದರಿಂದ ಅದು ಹಿಮದಲ್ಲಿ ಚೆನ್ನಾಗಿ ಹಿಡಿತ ಪಡೀತಿತ್ತು.

ನಿಜವಾದ ಅಪಾಯ ಇರೋದು ತಿರುವಿನಲ್ಲಿ. ಟೈರ್‌ನ ಗ್ರಿಪ್ಪನ್ನು ಪಾಕೆಟ್ ಮನಿ ಅಂದ್ಕೊಳ್ಳಿ. ತಿಂಗಳಿಗೆ ಇಷ್ಟೇ ಅಂತ ಅಪ್ಪ ಕಳಿಸ್ತಾರೆ. ಒಂದು ಕಡೆ ಜಾಸ್ತಿ ಖರ್ಚಾದ್ರೆ ಇನ್ನೊಂದು ಕಡೆ ಖೋತಾ. ಒಂದು ಟೈರ್ ಹತ್ರ 5 ಯೂನಿಟ್ ಗ್ರಿಪ್ ಇದೆ, ಕಾರನ್ನು ಮುಂದೆ ತಳ್ಳೋಕೆ 3 ಖರ್ಚು ಮಾಡಿದ್ರೆ, ಅಡ್ಡಕ್ಕೆ ಹಿಡಿದುಕೊಳ್ಳೋಕೆ 4 ಉಳಿಯುತ್ತೆ (3, 4, 5, ಪೈಥಾಗೊರಸ್). ಪೂರ್ತಿ 5ನ್ನೂ ತಳ್ಳೋದಕ್ಕೇ ಸುರಿದ್ರೆ ಅಡ್ಡಕ್ಕೆ ಸೊನ್ನೆ. ಇದಕ್ಕೆ ಘರ್ಷಣೆಯ ವೃತ್ತ ಅಂತಾರೆ.

ಮುಂದಿನ ಚಕ್ರದ ಕಾರಲ್ಲಿ ಗ್ರಿಪ್ ಖಾಲಿಯಾದ್ರೆ ಕಾರು ತಿರುಗದೆ ನೇರ ಹೋಗುತ್ತೆ. ಹೆದರಿ ಆಕ್ಸಿಲರೇಟರ್ ಬಿಟ್ರೆ ಎಷ್ಟೋ ಸಲ ಅದೇ ಸರಿಹೋಗುತ್ತೆ. ಹಿಂದಿನ ಚಕ್ರದ ಕಾರಲ್ಲಿ ಖಾಲಿಯಾದ್ರೆ ಹಿಂಭಾಗ ಹೊರಕ್ಕೆ ಬೀಸುತ್ತೆ, ಕಾರು ಬುಗುರಿ ಥರ ಸುತ್ತುತ್ತೆ. ಅದನ್ನ ಸರಿ ಮಾಡೋಕೆ ಅಭ್ಯಾಸ ಬೇಕು. ಆದ್ದರಿಂದ ನಮ್ಮ ಗುರಿ ಎರಡು: ಮ್ಯೂ ಹೆಚ್ಚಿಸೋದು, ಇರೋ ಮ್ಯೂ ಒಳಗೆ ಬಾಳೋದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಅಜ್ಜಿಯರು ಹೇಳಿದ್ದು ಇದನ್ನೇ.

3. ಮೊದಲ ದುಡ್ಡು ಟೈರಿಗೆ

ಮಾಮೂಲಿ ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗುತ್ತೆ. ಫ್ರಿಜ್ಜಲ್ಲಿಟ್ಟ ಬೆಣ್ಣೆ ಚಪಾತಿ ಮೇಲೆ ಹರಡಲ್ಲ ಅಲ್ವಾ, ಹಾಗೇ ಆ ರಬ್ಬರ್ ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿಯಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದಾಗ ಚಳಿಗಾಲದ ಟೈರ್ ಹಾಕಿಕೊಳ್ಳಿ ಅನ್ನೋ ರೂಢಿ ಬಂದದ್ದು ಇದರಿಂದಲೇ. ಚಳಿಗಾಲದ ಟೈರಿನ ರಬ್ಬರ್ ಮಿಶ್ರಣವೇ ಬೇರೆ, ಸೊನ್ನೆಗಿಂತ ಕೆಳಗೂ ಮೆತ್ತಗಿರುತ್ತೆ. ಅದರ ಪ್ರತಿ ಗಟ್ಟಿಯ ಮೇಲೂ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವಕ್ಕೆ ಸೈಪ್ ಅಂತ ಹೆಸರು. ಟೈರ್ ಉರುಳುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟೋದು. ಟೈರಿನ ಗಾಡಿಗಳಲ್ಲಿ ತುಂಬಿಕೊಂಡ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತೆ.

ಫಿನ್ಲೆಂಡಿನವರು ಈ ವಿಷಯದಲ್ಲಿ ಹಳೇ ಹುಲಿಗಳು. ನೋಕಿಯನ್ ಕಂಪನಿಯ ಹಕ್ಕಪೆಲಿಟ್ಟ ಅನ್ನೋ ಚಳಿಗಾಲದ ಟೈರ್ 1936ರಿಂದ ಇದೆ.

ಕೊಳ್ಳುವಾಗ ಟೈರಿನ ಪಕ್ಕದ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹೂವು ಇರೋ ಗುರುತು ಹುಡುಕಿ. ಆ ಟೈರ್ ಹಿಮದ ಮೇಲೆ ಪರೀಕ್ಷೆಯಾಗಿ ಪಾಸಾಗಿದೆ ಅಂತ ಅರ್ಥ. ಬರೀ "ಎಂ ಪ್ಲಸ್ ಎಸ್" ಅಂತ ಇದ್ರೆ ಗಾಡಿಗಳ ಆಕಾರ ಸರಿಯಿದೆ ಅಂತ ಅಷ್ಟೇ, ಪರೀಕ್ಷೆಯ ಗ್ಯಾರಂಟಿ ಅಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಈ ಬೆಟ್ಟದ ಗುರುತಿನ ಟೈರೇ ಕಡ್ಡಾಯ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟೈರ್ ಹಾಕಲೇಬೇಕು.

ಇಲ್ಲಿ ಮೂರು ಮಾತು ನೆನಪಿಡಿ.

ಒಂದು, ನಾಲ್ಕೂ ಹಾಕಿಸಿ. "ಡ್ರೈವ್ ಹಿಂದೆ ತಾನೇ, ಹಿಂದೆ ಎರಡು ಸಾಕು" ಅಂತ ಆಸೆ ಆಗುತ್ತೆ. ಆಗ ಕಾರು ಹೊರಡುತ್ತೆ ಸರಿ, ತಿರುಗಲ್ಲ, ನಿಲ್ಲೋದೂ ಕಷ್ಟ. ಸ್ಟೀರಿಂಗ್ ಇರೋದು ಮುಂದೆ, ಬ್ರೇಕಿನ ದೊಡ್ಡ ಪಾಲು ಇರೋದೂ ಮುಂದೆ. ಮುಂದೆ ಮಾತ್ರ ಹಾಕಿದ್ರೆ ಇನ್ನೂ ಅಪಾಯ, ಹಿಂಭಾಗ ಖಂಡಿತ ಬೀಸುತ್ತೆ.

ಎರಡು, ಅಗಲದ ಟೈರ್ ಬೇಡ. ಕಂಪನಿ ಒಪ್ಪಿರೋ ಸೈಜುಗಳಲ್ಲಿ ಕಡಿಮೆ ಅಗಲದ್ದು ತಗೊಳ್ಳಿ. ಅದು ಹಿಮದ ಮೇಲೆ ತೇಲದೆ ಕೊಯ್ದುಕೊಂಡು ಕೆಳಗಿನ ಗಟ್ಟಿ ಪದರ ಮುಟ್ಟುತ್ತೆ. ಭತ್ತದ ಗದ್ದೆಗೆ ಇಳಿಯೋ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನೆಲದ ಮೇಲ್ಪದರ ಹಿಡಿತ ಕೊಡದಿದ್ದಾಗ ಚಕ್ರ ಅದನ್ನು ಕಚ್ಚಬೇಕು.

ಮೂರು, ಸವೆದ ಟೈರ್ ಬೇಡ. ಗಾಡಿಯ ಆಳ 4 ಮಿ.ಮೀ.ಗಿಂತ ಕಡಿಮೆ ಆದ್ರೆ ಹಿಮದಲ್ಲಿ ಅದನ್ನು ನಂಬಬೇಡಿ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿ ಕಟ್ಟಿದ ಅಂಗಳ ದಾಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಟೈರಿಂದ ಮ್ಯೂ 0.25ರಿಂದ 0.35ಕ್ಕೆ ಏರಿತು ಅಂತ ಇಟ್ಕೊಳ್ಳೋಣ. ನಮ್ಮ ಸೆಡಾನ್ ಹತ್ತೋ ದಿಬ್ಬ ಶೇ. 13.2ರಿಂದ 18.8ಕ್ಕೆ ಏರುತ್ತೆ. 50 ಕಿ.ಮೀ. ವೇಗದಿಂದ ನಿಲ್ಲೋ ದೂರ 39 ಮೀಟರಿಂದ 28ಕ್ಕೆ ಇಳಿಯುತ್ತೆ. ಉಳಿದ 11 ಮೀಟರ್ ಅಂದ್ರೆ ಹೆಚ್ಚುಕಮ್ಮಿ ಒಂದು ಸಿಟಿ ಬಸ್ಸಿನ ಉದ್ದ. ಮುಂದೆ ರಸ್ತೆ ದಾಟ್ತಾ ಇರೋ ಒಬ್ಬ ಮನುಷ್ಯನಿಗೆ ಆ 11 ಮೀಟರಿನ ಬೆಲೆ ಎಷ್ಟು ಅಂತ ನೀವೇ ಯೋಚಿಸಿ.

4. ಗಾಳಿ ಚೆಕ್ ಮಾಡಿ

ಇದಕ್ಕೆ ಖರ್ಚಿಲ್ಲ. ಪಿಯುಸಿ ಕೆಮಿಸ್ಟ್ರಿಯ ಅನಿಲ ನಿಯಮ ಸಾಕು. 20 ಡಿಗ್ರಿಯಲ್ಲಿ 32 ಪಿಎಸ್‌ಐ ಹೊಡೆಸಿದ್ರಿ. ವಾತಾವರಣದ 14.7 ಸೇರಿಸಿದ್ರೆ ಒಟ್ಟು 46.7. ತಾಪಮಾನ ಮೈನಸ್ 15ಕ್ಕೆ ಇಳಿಯಿತು, ಅಂದ್ರೆ 293 ಕೆಲ್ವಿನ್‌ನಿಂದ 258ಕ್ಕೆ. ಒತ್ತಡ 41.1 ಆಗುತ್ತೆ, ಗೇಜಲ್ಲಿ ಕಾಣೋದು ಸುಮಾರು 26. ಟೈರ್ ಪಂಕ್ಚರ್ ಆಗದೆಯೇ 6 ಪಿಎಸ್‌ಐ ಮಾಯ! ತಿಂಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ನೋಡಿ, ಬಾಗಿಲ ಪಕ್ಕದ ಸ್ಟಿಕ್ಕರಲ್ಲಿ ಬರೆದಷ್ಟು ತುಂಬಿಸಿ.

5. ಡಿಕ್ಕಿಯಲ್ಲಿ ಮರಳು ಮೂಟೆ

ಹಿಂದಿನ ಚಕ್ರದ ಕಾರಿಗೆ ಎಲ್ಲರೂ ಕೊಡೋ ಸಲಹೆ ಇದು. ಗದ್ದೆಗೆ ಇಳಿಯೋ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೂ ಕಬ್ಬಿಣದ ಭಾರ ಕಟ್ತಾರೆ, ಹಾಗಾಗಿ ತತ್ವ ಸರಿಯಾಗೇ ಇದೆ. ಎಷ್ಟು ಉಪಯೋಗ? 1500 ಕೆ.ಜಿ. ಸೆಡಾನ್‌ಗೆ ಹಿಂದಿನ ಆಕ್ಸಲ್ ಮೇಲೆ ಸರಿಯಾಗಿ 60 ಕೆ.ಜಿ. ಇಟ್ರೆ ಹತ್ತೋ ದಿಬ್ಬ ಶೇ. 13.2ರಿಂದ 13.7ಕ್ಕೆ ಏರುತ್ತೆ. ಅಷ್ಟೇ. 2000 ಕೆ.ಜಿ. ಖಾಲಿ ಪಿಕಪ್‌ಗೆ 150 ಕೆ.ಜಿ. ಇಟ್ರೆ ಶೇ. 11.1ರಿಂದ 12.1. ಪಿಕಪ್‌ಗೆ ಪರವಾಗಿಲ್ಲ, ಸೆಡಾನ್‌ಗೆ ಅರ್ಧ ಅಂಕ ಮಾತ್ರ. ಟೈರ್ ಕೊಟ್ಟಿದ್ದು ಐದೂವರೆ ಅಂಕ.

ಅದೂ ಅಲ್ಲದೆ ಮೂಟೆಯನ್ನು ಡಿಕ್ಕಿಯ ತುದಿಯಲ್ಲಿ, ಆಕ್ಸಲ್‌ನಿಂದ ತುಂಬಾ ಹಿಂದೆ ಇಟ್ರೆ ಕಾರು ಏತದ ಥರ ಆಗುತ್ತೆ. ವೀಲ್‌ಬೇಸ್ 2.7 ಮೀಟರ್ ಇರೋ ಕಾರಲ್ಲಿ ಆಕ್ಸಲ್‌ಗಿಂತ 1 ಮೀಟರ್ ಹಿಂದೆ ಇಟ್ಟ 60 ಕೆ.ಜಿ., ಮುಂದಿನ ಚಕ್ರದಿಂದ 22 ಕೆ.ಜಿ. ಕಿತ್ಕೊಳ್ಳುತ್ತೆ. ಸ್ಟೀರಿಂಗ್ ಹಗುರ ಆಗುತ್ತೆ. ತುದಿಯ ಭಾರ ಒಮ್ಮೆ ಬೀಸೋಕೆ ಶುರುವಾದ್ರೆ ನಿಲ್ಲಿಸೋದೂ ಕಷ್ಟ, ಜಡತ್ವದ ಭ್ರಮಣಾಂಕ ದೂರದ ವರ್ಗದ ಜೊತೆ ಏರುತ್ತೆ. ಹಾಗಾಗಿ ಇಡೋದಾದ್ರೆ ಆಕ್ಸಲ್ ಮೇಲೆ ಅಥವಾ ಸ್ವಲ್ಪ ಮುಂದೆ ಇಡಿ, ಗಟ್ಟಿಯಾಗಿ ಕಟ್ಟಿ. ಕಟ್ಟದ ಮೂಟೆ ಡಿಕ್ಕಿ ಹೊಡೆದಾಗ ಬೆನ್ನ ಹಿಂದಿಂದ ಹಾರಿ ಬರುತ್ತೆ. ಮರಳಿನ ಇನ್ನೊಂದು ಉಪಯೋಗ ಮುಂದೆ ಹೇಳ್ತೀವಿ.

6. ಡಿಫರೆನ್ಷಿಯಲ್ ಮತ್ತು ಎಲೆಕ್ಟ್ರಾನಿಕ್ಸ್

ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಟಾರ್ಕ್ ಕೊಡುತ್ತೆ. ಅದೇ ಇಲ್ಲಿ ಎಡವಟ್ಟು. ಪ್ರತಿ ಹಿಂದಿನ ಚಕ್ರದ ಮೇಲೆ 375 ಕೆ.ಜಿ. ಇದೆ, ಎಡದ್ದು ಮಂಜುಗಡ್ಡೆ ಮೇಲೆ, ಬಲದ್ದು ಹಿಮದ ಮೇಲೆ ಅನ್ಕೊಳ್ಳಿ. ಎಡಕ್ಕೆ ಸುಮಾರು 370 ನ್ಯೂಟನ್ ಸಿಗುತ್ತೆ, ಬಲಕ್ಕೆ 920 ಸಿಗಬಹುದು. ಆದ್ರೆ ಓಪನ್ ಡಿಫರೆನ್ಷಿಯಲ್ ಬಲಕ್ಕೂ 370 ಮಾತ್ರ ಕೊಡುತ್ತೆ. ಒಟ್ಟು 740. ಎರಡನ್ನೂ ಲಾಕ್ ಮಾಡಿದ್ರೆ 1290. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮಾಡೋದು ಈ ಎರಡರ ನಡುವಿನ ಕೆಲಸ.

ಆದ್ರೆ ಒಂದು ಎಚ್ಚರಿಕೆ. ಓಪನ್ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುಮ್ನೆ ತಿರುಗಿದ್ರೂ ಇನ್ನೊಂದು ಅಡ್ಡಕ್ಕೆ ಹಿಡ್ಕೊಂಡಿರುತ್ತೆ. ಲಿಮಿಟೆಡ್ ಸ್ಲಿಪ್ ಇದ್ದಾಗ ಜಾಸ್ತಿ ಆಕ್ಸಿಲರೇಟರ್ ಕೊಟ್ರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಎರಡರ ಪಾಕೆಟ್ ಮನಿಯೂ ಒಟ್ಟಿಗೆ ಖಾಲಿ. ಹೊರಡೋಕೆ ಒಳ್ಳೇದು, ಕಾಲು ಒರಟಾಗಿದ್ರೆ ತಿರುವಲ್ಲಿ ಕೆಟ್ಟದ್ದು.

ಇದರ ಬದಲು ಇವತ್ತಿನ ಕಾರುಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಸುಮ್ನೆ ತಿರುಗೋ ಚಕ್ರಕ್ಕೆ ಅದೇ ಬ್ರೇಕ್ ಹಾಕುತ್ತೆ, ಎಂಜಿನ್ ಬಲವನ್ನೂ ತಗ್ಗಿಸುತ್ತೆ. ಅದರ ಅಣ್ಣ ಸ್ಟೆಬಿಲಿಟಿ ಕಂಟ್ರೋಲ್. ನೀವು ಸ್ಟೀರಿಂಗ್ ತಿರುಗಿಸಿದ ಕಡೆಗೂ ಕಾರು ಹೋಗ್ತಿರೋ ಕಡೆಗೂ ತಾಳೆ ನೋಡಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡುತ್ತೆ. ಬಾಷ್ ಮತ್ತು ಮರ್ಸಿಡಿಸ್ ಸೇರಿ ಇದನ್ನು 1995ರಲ್ಲಿ ಎಸ್ ಕ್ಲಾಸ್‌ಗೆ ತಂದರು. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳೋ ಸೀನಿಯರ್ಸ್‌ಗೆ ನಮ್ಮ ಮನವಿ: 2012ರದ್ದು ಅಥವಾ ಆಮೇಲಿನದ್ದು ನೋಡಿ. ಅದಕ್ಕಿಂತ ಹಳೇದಾದ್ರೆ ಸ್ಟೆಬಿಲಿಟಿ ಕಂಟ್ರೋಲ್ ಇದೆಯಾ ಅಂತ ಕೇಳಿ ತಗೊಳ್ಳಿ. ಆದ್ರೆ ಯಾವ ಕಂಪ್ಯೂಟರೂ ಇಲ್ಲದ ಮ್ಯೂವನ್ನು ಸೃಷ್ಟಿಸಲ್ಲ.

7. ಕೈ, ಕಾಲು, ಕಣ್ಣು

ಹೊರಡುವಾಗ ಮ್ಯಾನ್ಯುಯಲ್ ಆದ್ರೆ ಸೆಕೆಂಡ್ ಗೇರಲ್ಲಿ ಹೊರಡಿ, ಚಕ್ರಕ್ಕೆ ಹೋಗೋ ಟಾರ್ಕ್ ಕಡಿಮೆ ಆಗುತ್ತೆ. ಆಟೋಮ್ಯಾಟಿಕ್‌ನಲ್ಲಿ ಸ್ನೋ ಮೋಡ್ ಇದ್ರೆ ಹಾಕಿ. ಬ್ರೇಕ್, ಸ್ಟೀರಿಂಗ್, ಆಕ್ಸಿಲರೇಟರ್ ಮೂರನ್ನೂ ನಿಧಾನ, ಒಂದೊಂದಾಗಿ. ಬ್ರೇಕ್ ಕೆಲಸ ತಿರುವಿಗೆ ಮುಂಚೆ ನೇರ ದಾರಿಯಲ್ಲೇ ಮುಗಿಸಿ, ಆಮೇಲೆ ತಿರುಗಿ, ಕಾರು ನೇರ ಆದ್ಮೇಲೆ ಆಕ್ಸಿಲರೇಟರ್.

ದಿಢೀರ್ ಅಂತ ಕೆಳಗಿನ ಗೇರಿಗೆ ಇಳಿಸಬೇಡಿ. ಎಂಜಿನ್ ಬ್ರೇಕಿಂಗ್ ಪೂರ್ತಿ ಹಿಂದಿನ ಚಕ್ರಕ್ಕೇ ಬೀಳೋದರಿಂದ ಅದು ಹ್ಯಾಂಡ್ ಬ್ರೇಕ್ ಎಳೆದ ಹಾಗೆ. ಹಿಂದಿನ ಚಕ್ರದ ಎಲೆಕ್ಟ್ರಿಕ್ ಕಾರಿದ್ರೆ ರೀಜನರೇಟಿವ್ ಬ್ರೇಕಿಂಗ್ ಕಡಿಮೆ ಮಟ್ಟದಲ್ಲಿಡಿ, ಕಾರಣ ಇದೇ. ಕ್ರೂಸ್ ಕಂಟ್ರೋಲ್ ಬಂದ್ ಮಾಡಿ.

ಹಿಂಭಾಗ ಬೀಸಿದ್ರೆ? ಆಕ್ಸಿಲರೇಟರಿಂದ ಕಾಲು ಮೆಲ್ಲಗೆ ತೆಗೆಯಿರಿ, ಬ್ರೇಕ್ ಗುದ್ದಬೇಡಿ. ನೀವು ಹೋಗಬೇಕಾದ ದಾರಿಯನ್ನು ನೋಡಿ, ಸ್ಟೀರಿಂಗ್ ಅತ್ತ ತಿರುಗಿಸಿ. ಮರವನ್ನೇ ನೋಡ್ತಾ ಕೂತ್ರೆ ಕೈಯೂ ಮರದ ಕಡೆಗೇ ಹೋಗುತ್ತೆ. ಕಾರು ನೇರ ಆಗ್ತಾ ಬಂದ ಹಾಗೆ ಸ್ಟೀರಿಂಗನ್ನೂ ನೇರ ಮಾಡಿ, ಇಲ್ಲಾಂದ್ರೆ ಆ ಕಡೆಗೆ ಬೀಸುತ್ತೆ. ಇದನ್ನ ಓದಿ ಕಲಿಯೋಕಾಗಲ್ಲ. ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅನುಮತಿ ಇದ್ದ ಕಡೆ, ಗಂಟೆಗೆ 20 ಕಿ.ಮೀ. ಒಳಗೆ, ಓಡಿಸೋದು ಬಲ್ಲವರ ಜೊತೆ ಅಭ್ಯಾಸ ಮಾಡಿ.

ಸೇತುವೆಗಳ ಮೇಲೆ ಇನ್ನೂ ಹುಷಾರು. ಕೆಳಗಿಂದಲೂ ಗಾಳಿ ಆಡೋದರಿಂದ ಅವು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಸೊನ್ನೆ ಡಿಗ್ರಿ ಹತ್ತಿರದ ಒದ್ದೆ ಮಂಜುಗಡ್ಡೆ ಮೈನಸ್ 20ರ ಒಣ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತೆ ಅನ್ನೋದೂ ನೆನಪಿರಲಿ.

8. ಸಿಕ್ಕಿಹಾಕಿಕೊಂಡ್ರೆ

ಹಿಮದ ಗುಂಡಿಯಲ್ಲಿ ಚಕ್ರ ಸುತ್ತಿಸಿದಷ್ಟೂ ಅದು ತನ್ನ ಗೋರಿ ತಾನೇ ತೋಡುತ್ತೆ, ಕೆಳಗಿನ ಹಿಮ ಕರಗಿ ಕನ್ನಡಿ ಆಗುತ್ತೆ. ಮೊದಲು ಸಲಿಕೆಯಿಂದ ಚಕ್ರದ ಮುಂದೆ ಹಿಂದೆ ತೆಗೆಯಿರಿ. ಹಿಂದಿನ ಚಕ್ರದ ಅಡಿಗೆ ಮರಳು ಎರಚಿ (ಮೂಟೆಯ ಇನ್ನೊಂದು ಉಪಯೋಗ ಇದೇ). ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನನ್ನು ಪೂರ್ತಿ ಕಟ್ಟಿಹಾಕ್ತಿದ್ರೆ ಅಷ್ಟು ಹೊತ್ತಿಗೆ ಮಾತ್ರ ಆಫ್ ಮಾಡಿ, ಮೆಲ್ಲಗೆ ಹೊರಬನ್ನಿ, ಮತ್ತೆ ಆನ್ ಮಾಡಿ. ಮನಾಲಿ, ಗುಲ್ಮಾರ್ಗ್ ಕಡೆಯ ಟ್ಯಾಕ್ಸಿಗಳ ಹಾಗೆ ಚೈನ್ ಕಟ್ಟೋದಾದ್ರೆ ನಮ್ಮ ಕಾರಿಗೆ ಅದು ಹಿಂದಿನ ಚಕ್ರಕ್ಕೆ.

ಹೊರಬರೋಕೆ ಆಗದೆ ಕಾಯಬೇಕಾಗಿ ಬಂದ್ರೆ, ಹೀಟರಿಗಾಗಿ ಎಂಜಿನ್ ಶುರು ಮಾಡೋ ಮೊದಲು ಇಳಿದು ಸೈಲೆನ್ಸರ್ ಪೈಪಿನ ಬಾಯಿ ನೋಡಿ. ಅದು ಹಿಮದಿಂದ ಮುಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಕಾರೊಳಗೆ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತೆ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ ಒಂದು ಸಾಲು ಮರೀಬೇಡಿ. ಕಾರಲ್ಲಿ ಯಾವಾಗಲೂ ಕಂಬಳಿ, ಸಲಿಕೆ, ಟಾರ್ಚ್, ನೀರು, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ.

9. ಹಾಗಾದ್ರೆ ಮಾರಬೇಕಾ?

ನಮ್ಮ ಲೆಕ್ಕದ ಪ್ರಕಾರ ಉತ್ತರ ಹೀಗೆ. ಸ್ಟೆಬಿಲಿಟಿ ಕಂಟ್ರೋಲ್ ಇದ್ದು, ಕಾರು ಸುಸ್ಥಿತಿಯಲ್ಲಿದ್ರೆ ಮಾರಬೇಡಿ, ನಾಲ್ಕು ಚಳಿಗಾಲದ ಟೈರ್ ಹಾಕಿಸಿ. ಟೈರಿಗೆ ದುಡ್ಡಿಲ್ಲ ಅಂದ್ರೆ ಮರಳು ಮೂಟೆ ಅದಕ್ಕೆ ಬದಲಿ ಅಲ್ಲ. ಆ ಚಳಿಗಾಲ ಬಸ್ಸಲ್ಲಿ ಓಡಾಡಿ. ಸ್ಟೆಬಿಲಿಟಿ ಕಂಟ್ರೋಲೂ ಇಲ್ಲ, ಹಿಮದಲ್ಲಿ ಓಡಿಸಿ ಅಭ್ಯಾಸವೂ ಇಲ್ಲ, ಮನೆ ಇರೋದು ದಿಬ್ಬದ ಮೇಲೆ ಅಂದ್ರೆ ಮಾರೋದೇ ಜಾಣತನ. ಯಾವ ಕಾರಾದ್ರೂ ರಸ್ತೆ ತೆರವು ಮಾಡೋ ತನಕ ಮನೆಯಲ್ಲೇ ಇರೋದು ಎಲ್ಲಕ್ಕಿಂತ ಅಗ್ಗದ ಸುಧಾರಣೆ.

ನಿಮಗೆ ಮನೆಕೆಲಸ: 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಮ್ಯೂ 0.8, 0.25, 0.1 ಇದ್ದಾಗ ಜಾರದೆ ಹೋಗಬಹುದಾದ ಗರಿಷ್ಠ ವೇಗ ಎಷ್ಟು? (ಉತ್ತರ: ಗಂಟೆಗೆ ಸುಮಾರು 71, 40, 25 ಕಿ.ಮೀ.) ಉತ್ತರ ಹೇಗೆ ಬಂತು ಅಂತ ಬಿಡಿಸಿ ನೋಡಿ. ಆಮೇಲೆ ಮಳೆಗಾಲದಲ್ಲಿ ಮಲೆನಾಡಿನ ಕೆಂಪು ಮಣ್ಣಿನ ರಸ್ತೆಯಲ್ಲಿ ಬೊಲೆರೋ ಓಡಿಸೋ ಯಾವುದಾದ್ರೂ ಅಣ್ಣನ ಪಕ್ಕ ಕೂತು, ಅವರ ಕಾಲು ಆಕ್ಸಿಲರೇಟರ್ ಮೇಲೆ ಹೇಗೆ ಆಡುತ್ತೆ ನೋಡಿ. ಅದೂ ಹಿಂದಿನ ಚಕ್ರದ ಗಾಡಿಯೇ. ಹಿಮ ಇಲ್ಲದ ಊರಲ್ಲೂ ಈ ಪಾಠ ಸಿಗುತ್ತೆ.

ವಿದೇಶಕ್ಕೆ ಹೊರಟಿರೋ ಅಣ್ಣ, ಅಕ್ಕಂದಿರಿಗೆ ಇದನ್ನ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.